ಮುಂದೆ ಹೋದ ಕುಬಸ

ಬಸುರಿ ತಂಗಿಯ ಕುಬಸಕ್ಕೆ ಹಸಿರು ಸೀರೆ ತಂದಾಗಿತ್ತು, ಹೋಳಿಗೆಗೆ ಬೇಳೆಯೂ ಬಂದಿತ್ತು. ಅಷ್ಟರಲ್ಲಿ ನನ್ನ ದೊಡ್ಡ ಮಗಳಿಗೆ ಮೈತುಂಬ ನೀರುಗುಳ್ಳೆ. ನಿಪ್ಪಾಣಿಯ ಡಾಕ್ಟರು ಚಿಕನ್‌ಪಾಕ್ಸ್ ಎಂದರು, ಅವ್ವ ದೇವಿ ಬಂದಾಳ ಎಂದಳು. ಒಗ್ಗರಣೆ ನಿಂತಿತು, ಬಾಗಿಲಿಗೆ ಬೇವು ಏರಿತು. ಗುಳ್ಳೆ ಒಣಗಿದ ಮೇಲೆ ಅವ್ವ ಮೊಮ್ಮಗಳಿಗೆ ಬೇವಿನ ನೀರು ಹಾಕಿ, ಇಡೀ ಮನೆ ತೊಳೆದಳು. ದೇವಿ ಹೋದಳೆಂದೇ ಲೆಕ್ಕ. ಭಾನುವಾರ ಬಂದುಬಿಡು ಎಂದು ಅಥಣಿಯಲ್ಲಿದ್ದ ತಂಗಿಗೆ ಫೋನೂ ಆಯಿತು.

ನನಗೇಕೋ ಸಮಾಧಾನವಿರಲಿಲ್ಲ, ಡಾಕ್ಟರನ್ನು ಕೇಳಿದೆ. ಚಿಕ್ಕ ಮಗಳಿಗೆ ಇದು ಹಿಂದೆ ಬಂದಿತ್ತೇ, ಲಸಿಕೆ ಆಗಿದೆಯೇ ಎಂದರು. ಇಲ್ಲ. ತಂಗಿಗೆ? ಅವಳಿಗೂ ಇಲ್ಲ. ಹಾಗಾದರೆ ಕಾಯಿರಿ ಎಂದರು. ಸೋಂಕು ಎರಡು ಮೂರು ವಾರ ಮೈಯೊಳಗೆ ಸದ್ದಿಲ್ಲದೆ ಇರುತ್ತದಂತೆ, ಗುಳ್ಳೆ ಏಳುವ ಮೊದಲೇ ಹರಡತೊಡಗುತ್ತದಂತೆ. ಬಸುರಿಗೆ ತಗುಲಿದರೆ ಜೀವಕ್ಕೇ ಕುತ್ತು. ಚಿಕ್ಕವಳಂತೂ ಅತ್ತೆ ಬಂದರೆ ತೊಡೆ ಬಿಟ್ಟು ಇಳಿಯುವವಳಲ್ಲ!

ಕುಬಸ ಮುಂದೆ ಹಾಕೋಣ ಎಂದದ್ದೇ ತಡ, ಅವ್ವ ಸಿಡಿದಳು. ನಾನೂ ಸುಮ್ಮನಿರುವ ಜಾತಿಯವನಲ್ಲ. ಕೊರೊನಾ ಕಾಲದಲ್ಲಿ ಪುಣೆಯಿಂದ ಕೊಗನೊಳ್ಳಿ ಗಡಿ ದಾಟಿ ಬಂದ ತನ್ನ ಸ್ವಂತ ತಮ್ಮನನ್ನು ಇದೇ ಅವ್ವ ಹೊಸ್ತಿಲು ತುಳಿಯಗೊಡದೆ ಹೊಲದ ಮನೆಯಲ್ಲಿ ಕೂಡಿಸಿದ್ದಳು.

"ಆವಾಗ ಮಾಮಾಗ ಏನಾಗಿತ್ತು ಬೇ? ಗುಂಡಕಲ್ಲಿನಂಗ ಇದ್ದ."

"ಅದು ಕೊರೊನಾ. ಇದು ದೇವಿ. ನೀರು ಹಾಕಿ ಕಳಿಸಿದ ಮ್ಯಾಲ ಸಂಶೆ ಪಡಬಾರದು."

ನಾನೇ ತಂಗಿಗೆ ಫೋನ್ ಮಾಡಿ ಬರಬೇಡ ಎಂದೆ. ಅವ್ವ ಮಾತು ಬಿಟ್ಟಳು.

ಭಾನುವಾರ ಚಿಕ್ಕವಳು ಅಂಗಳದಲ್ಲಿ ಕರುವಿನಂತೆ ಜಿಗಿದಾಡಿದಳು. ಅವ್ವ ಅವಳನ್ನು ನೋಡುವುದು, ನನ್ನನ್ನು ನೋಡುವುದು. ಮಧ್ಯಾಹ್ನ ತಟ್ಟೆಗೆ ಹೋಳಿಗೆ ಬಿತ್ತು, ತುಪ್ಪ ಬೀಳಲಿಲ್ಲ. ನಾನೇ ತಪ್ಪಿದೆನೇನೋ ಅನ್ನಿಸತೊಡಗಿತು.

ಮರುದಿನ ಬೆಳಿಗ್ಗೆ ಚಿಕ್ಕವಳಿಗೆ ಜಡೆ ಹಾಕುತ್ತಿದ್ದ ಹೆಂಡತಿ ಕೂಗಿದಳು. ಓಡಿದೆ. ಕಿವಿಯ ಹಿಂದೆ ಒಂದು ನೀರುಗುಳ್ಳೆ, ಕುತ್ತಿಗೆಯ ಮೇಲೆ ಇನ್ನೆರಡು. "ಬಂತು, ಬಂತು" ಎಂದು ಕುಣಿದೇಬಿಟ್ಟೆ. ಮಗಳಿಗೆ ಜಡ್ಡು ಬಂದರೆ ಕುಣಿಯುವ ಅಪ್ಪನನ್ನು ಹೆಂಡತಿ ಬಾಯಿ ತೆರೆದು ನೋಡಿದಳು. ನಾಚಿಕೆಯಾಯಿತು, ಆದರೆ ಖುಷಿ ತಡೆಯಲಾಗಲಿಲ್ಲ. ಕುಬಸ ಮಾಡಿದ್ದರೆ ನಿನ್ನೆ ಇಷ್ಟು ಹೊತ್ತಿಗೆ ಇವಳು ತಂಗಿಯ ತೊಡೆಯ ಮೇಲಿರುತ್ತಿದ್ದಳು.

ಅವ್ವ ಬಂದು ಮೊಮ್ಮಗಳ ಕುತ್ತಿಗೆ ಸವರಿದಳು. ನನ್ನ ಕೈಯಿಂದಲೇ ತಂಗಿಗೆ ಫೋನ್ ಹಚ್ಚಿಸಿ, ಮೊಬೈಲು ಕಸಿದುಕೊಂಡಳು. ಹಾಗಾದರೆ ಬರುವ ಭಾನುವಾರ ಬರಲೇ ಎಂದು ತಂಗಿ ಕೇಳಿರಬೇಕು.

"ಬರಬ್ಯಾಡವ್ವಾ," ಎಂದಳು ಅವ್ವ. "ಮನಿ ಇನ್ನೂ ತೊಳದಿಲ್ಲ."