ಸದ್ದಾಗದ ಕಪಾಳಮೋಕ್ಷ

ವನದುರ್ಗದ ವೇದಿಕೆಯಲ್ಲಿ ಸಾಬಣ್ಣನ ಕಪಾಳಕ್ಕೆ ಬಾರಿಸಿದೆ, ಸದ್ದೇ ಬರಲಿಲ್ಲ. ಮೂವತ್ತು ವರ್ಷಗಳ ನಮ್ಮ ಹಾಸ್ಯಜೋಡಿಯ ಗುಟ್ಟು ಇಷ್ಟೇ: ನನ್ನ ಕೈ ಅವನ ಕೆನ್ನೆಗೆ ತಾಗುವುದಿಲ್ಲ, ಅದೇ ಕ್ಷಣಕ್ಕೆ ಅವನೇ ಮರೆಯಲ್ಲಿ ಚಪ್ಪಾಳೆ ತಟ್ಟಿ ಉರುಳುತ್ತಾನೆ. ಲಕ್ವಾ ಹೊಡೆದು ಎದ್ದ ಮೇಲೆ ಅದು ಅವನ ಮೊದಲ ಆಟ. ಎಡಗೈ ಸಮಯಕ್ಕೆ ಏಳಲಿಲ್ಲ. ನಾನು ಪರದೆ ಎಳೆಸಲು ತಿರುಗಿದೆ.

“ಎಲ್ಲಿಗಿ ಹೊಂಟಿ? ಮತ್ತ ಹೊಡೀಲೇ! ಬೀಳಾಕ ಕೈ ಯಾಕ ಬೇಕು?” ಎಂದು ಸಾಬಣ್ಣ ಗದರಿದ.

ಮತ್ತೆ ಕೈ ಬೀಸಿದೆ. ಮುಂದಿನ ಸಾಲಿನಿಂದ ‘ಫಟ್’ ಎಂದು ಚಪ್ಪಾಳೆ ಬಿತ್ತು. ತಟ್ಟಿದವಳು ಅವನ ಹೆಂಡತಿ ದೇವಕೆಮ್ಮ. ಸಾಬಣ್ಣ ಧೊಪ್ಪನೆ ಬಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಈಗ ಶಹಾಪುರ, ಸುರಪುರ ಎಲ್ಲಿಗೆ ಕರೆದರೂ ದೇವಕೆಮ್ಮನಿಗೆ ಮುಂದಿನ ಸಾಲಿನಲ್ಲೊಂದು ಕುರ್ಚಿ ಇರಲೇಬೇಕು. ಇಬ್ಬರ ಹೆಸರಿದ್ದ ನಮ್ಮ ಬ್ಯಾನರಿನಲ್ಲಿ ಈಗ ಮೂವರ ಹೆಸರಿದೆ.