ಮತ್ತೆ ಗೂಳೂರಿನಿಂದ
ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ನಮ್ಮ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಲಕ್ಷ್ಮೀಕಾಂತನಿಗೆ ಅರ್ಧದಿಂದ ಮುಂದುವರಿಸುವುದು ಅಂದರೇನೆಂದೇ ಗೊತ್ತಿಲ್ಲ. ಎರಡು ಸಾವಿರದ ಇಸವಿಯಲ್ಲಿ ಒಂದು ವಿಡಿಯೋ ಗೇಮ್ ತಂದು ಟೀವಿಗೆ ಸಿಕ್ಕಿಸಿದ. ಅದರಲ್ಲಿ ಕೊನೆಯ ಕೋಟೆಯ ರಾಕ್ಷಸನ ಕೈಲಿ ಸತ್ತರೆ ಮತ್ತೆ ಒಂದನೇ ಸ್ಟೇಜಿನಿಂದಲೇ ಶುರು. ಮೂರು ವರ್ಷದಿಂದ ರಜಾ ದಿನವೆಲ್ಲ ಸಾಯುತ್ತಲೇ ಇದ್ದಾನೆ. "ಬೇಜಾರಾಗಲ್ವೇನಯ್ಯಾ?" ಅಂದರೆ, "ಈ ಸಲ ಎರಡೇಟು ಜಾಸ್ತಿ ಹೊಡ್ದೆ" ಎಂದು ನಿಧಾನವಾಗಿ ಹೇಳಿ ಹಲ್ಲು ಬಿಡುತ್ತಾನೆ. ಅಂಗಿಯ ಒಂದು ಗುಂಡಿ ತಪ್ಪಿದರೆ ಎಲ್ಲವನ್ನೂ ಬಿಚ್ಚಿ ಮೇಲಿನಿಂದ ಹಾಕುತ್ತಾನೆ. ಊಟದ ಮಧ್ಯೆ ಯಾರಾದರೂ ಮಾತಿಗೆಳೆದರೆ ಎಲೆಯ ತುದಿಯ ಉಪ್ಪಿನಿಂದ ಮತ್ತೆ ಶುರು ಮಾಡುತ್ತಾನೆಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರು ಬೆಳಗ್ಗೆ ಎಂಟೂಕಾಲಿಗೆ ಬಸ್ ಸ್ಟ್ಯಾಂಡಿಗೆ ಬಂದು ನೋಡಬೇಕು. ಲಕ್ಷ್ಮೀಕಾಂತನಿಗೆ ಮಾತು ತೊದಲುತ್ತದೆ. ಆ ಆಟ ಮನೆಗೆ ಬರುವ ಮುಂಚೆ ಊರುಗಳ ಹೆಸರು ಕೂಗುವ ಕೆಲಸವನ್ನು ಕ್ಲೀನರಿಗೆ ಬಿಟ್ಟಿದ್ದ. ಈಗ ಫುಟ್‌ಬೋರ್ಡಿನ ಮೇಲೆ ನಿಂತು ತಾನೇ ಕೂಗುತ್ತಾನೆ: "ಗೂಳೂರ್, ಹೆಬ್ಬೂರ್, ಕು... ಕು..." ಕುಣಿಗಲ್ ಗಂಟಲಲ್ಲೇ ನಿಲ್ಲುತ್ತದೆ. ಪಾಪ ಅಂತ ಯಾರಾದರೂ ಹೇಳಿಕೊಡಲು ಬಾಯಿ ತೆರೆದರೆ ಅಂಗೈ ಎತ್ತಿ ತಡೆಯುತ್ತಾನೆ. ಮತ್ತೆ ಗೂಳೂರಿನಿಂದ. ಮತ್ತೊಮ್ಮೆ ಗೂಳೂರಿನಿಂದ. ಹಿಂದಿನ ಬಸ್ಸು ಹಾರನ್ ಹೊಡೆಯುತ್ತದೆ. ಒಂದು ನಿಮಿಷ ತಡವಾದರೂ ಊರು ತಲೆ ಮೇಲೆ ಹೊತ್ತುಕೊಳ್ಳುವ ಡ್ರೈವರ್ ಗಂಗಹನುಮಯ್ಯ, ಗೇರಿನಿಂದ ಕೈ ತೆಗೆದು ಆರಾಮಾಗಿ ಕೂತಿರುತ್ತಾನೆ. "ಸುಮ್ಕಿರ್ರೀ," ಅನ್ನುತ್ತಾನೆ ನಮಗೆ, "ಅವ್ನು ಕುಣಿಗಲ್ ಅನ್ನೋಗಂಟ ಈ ಗಾಡಿ ಕುಣಿಗಲ್‌ಗೆ ಹೋಗಲ್ಲ."