ಕೌಲಾಲಂಪುರದಲ್ಲಿ ಏಕಾದಶಿ

ತಿರುಮಲನಿಗೆ ವರ್ಷವೆಲ್ಲ ಕಲ್ಲುಗುಂಡಿನಂಥ ಆರೋಗ್ಯ. ಮುಷ್ಕರದ ದಿನ ಮಾತ್ರ ಹೊಟ್ಟೆನೋವು. ನಾವೆಲ್ಲ ವಿಮಾ ಕಚೇರಿಯ ಗೇಟಿಗೆ ಅಡ್ಡ ಕೂತು, ಮೌಂಟ್ ರೋಡಿನ ಬಿಸಿಲಿಗೆ ತಲೆಯೊಡ್ಡಿ ಗಂಟಲು ಹರಿದುಕೊಳ್ಳುತ್ತಿದ್ದರೆ ಅವನು ವಡಪಳನಿಯ ಮನೆಯಲ್ಲಿ ಮಜ್ಜಿಗೆ ಕುಡಿದು ಮಗ್ಗುಲು ಬದಲಿಸುತ್ತಿದ್ದ. ಒಳಗೆ ಹೋದರೆ ನಾವು ಕರುಂಗಾಲಿ, ಮುಷ್ಕರ ಮುರಿಯುವ ದ್ರೋಹಿ ಎಂದು ಮುಖಕ್ಕೆ ಉಗಿಯುತ್ತೇವೆ, ಹೊರಗೆ ಕೂತರೆ ಸಂಬಳಕ್ಕೆ ಕತ್ತರಿ. ಹಾಗಾಗಿ ಡಾಕ್ಟರ ಚೀಟಿ. ಮುಷ್ಕರ ಗೆದ್ದು ಸಂಬಳ ಏರಿದ ಮಾರನೆಯ ದಿನ ಹೊಟ್ಟೆ ನೆಟ್ಟಗಾಗಿ, ಬಾಕಿ ಯಾವಾಗ ಕೈಗೆ ಬರುತ್ತದೆಂದು ಎಲ್ಲರಿಗಿಂತ ಮೊದಲು ವಿಚಾರಿಸುತ್ತಿದ್ದವನೂ ಅವನೇ.

ಅಜ್ಜನ ಕಾಲದಲ್ಲೇ ಮದರಾಸಿಗೆ ಬಂದು ಬೇರೂರಿದ ಮಾಧ್ವರ ಮನೆ ಅದು. ಮನೆಯ ಕನ್ನಡಕ್ಕೆ ತಮಿಳು ನೆಂಚಿಕೊಂಡೇ ಮಾತು. ಸಂಧ್ಯಾವಂದನೆ ತಪ್ಪಿಸಿದವನಲ್ಲ, ಏಕಾದಶಿಯ ದಿನ ನೀರು ಸಹ ಮುಟ್ಟಿದವನಲ್ಲ. ಅದು ಭಕ್ತಿಯೋ, ಒಂದು ದಿನದ ಅಕ್ಕಿ ಉಳಿಯಿತೆಂಬ ಸಂತೋಷವೋ, ಅವನ ದೇವರಿಗೇ ಗೊತ್ತು. ‘ನಾವು ಹೊರಗೆ ತಿನ್ನೋರಲ್ಲ’ ಎಂಬುದು ಆ ಮನೆಯ ಮೊದಲ ಕಾನೂನು. ಆದರೆ ಕಚೇರಿಯ ಕ್ಯಾಂಟೀನಿನಲ್ಲಿ ನಮ್ಮ ದುಡ್ಡಿನ ಈರುಳ್ಳಿ ಬಜ್ಜಿ ಮುಂದೆ ಬಂದಾಗ ಅವನ ಕೈ ಎಷ್ಟು ಚುರುಕಾಗುತ್ತಿತ್ತೆಂದು ನೋಡಿದವರು ಇನ್ನೂ ಬದುಕಿದ್ದೇವೆ. ದುಡ್ಡು ತಾನು ಬಿಚ್ಚಬೇಕಾದಾಗ ಮಾತ್ರ ಅವನಿಗೆ ಮಡಿ ನೆನಪಾಗುತ್ತಿತ್ತು.

ಆ ಕಾನೂನಿನ ಪೂರ್ತಿ ಭಾರ ಬಿದ್ದದ್ದು ಹೆಂಡತಿ ಲಕ್ಷ್ಮಿಯ ಮೇಲೆ. ಮದುವೆಯಾದಂದಿನಿಂದ ಆಕೆ ತಾನು ಮಾಡದ ಊಟ ಉಂಡದ್ದೆಂದರೆ ಮಠದಲ್ಲಿ. ಅಲ್ಲಿಯೂ ಸೆರಗು ಸಿಕ್ಕಿಸಿ ತರಕಾರಿ ಹೆಚ್ಚಿ, ಎಲ್ಲರಿಗೂ ಬಡಿಸಿ, ಕೊನೆಯ ಪಂಕ್ತಿಯಲ್ಲಿ ತಣ್ಣಗಾದ ಸಾರು.

ಹೀಗಿರುವಾಗ ಎದುರು ಮನೆಯ ಕಲಾವತಿ ಸಿಂಗಾಪುರ ನೋಡಿ ಬಂದಳು. ರೈಲ್ವೆಯಲ್ಲಿ ಕೆಲಸ, ಮೈಸೂರು ಕಡೆಯ ಬಾಯಿ.

‘ಲಕ್ಷ್ಮಕ್ಕಾ, ಇದ್ದಷ್ಟು ದಿನ ಒಂದು ಲೋಟ ತೊಳೀಲಿಲ್ಲ ಕಣ್ರೀ! ಕಾಲು ಚಾಚ್ಕೊಂಡು ಕೂತ್ಕೊಂಡ್ರೆ ಅವರೇ ಬಂದು ಏನು ಬೇಕಮ್ಮಾ ಅಂತಾರೆ. ನಮ್ಮನೇಲಿ ಯಾವನಾದ್ರೂ ಕೇಳಿದ್ದುಂಟಾ ಇವತ್ತಿನವರೆಗೆ?’

ಗೋಪುರ, ಕಾರಂಜಿ, ಕಡಲು, ಕಲಾವತಿ ಏನೇನೋ ಹೇಳಿದಳು. ಲಕ್ಷ್ಮಿಯ ತಲೆಯಲ್ಲಿ ನಿಂತದ್ದು ಆ ತೊಳೆಯದ ಲೋಟ. ಅಂದು ಸಂಜೆಯೇ ಗಂಡನ ಮುಂದೆ ಬೇಡಿಕೆ ಇಟ್ಟಳು.

‘ರೀ, ನಾವೂ ಎಲ್ಲಾದ್ರೂ ಹೋಗೋಣ. ನನಗೆ ಗೋಪುರ ಗೀಪುರ ವೇಂಡಾಂ. ಒಂದು ಊಟ. ನಾನು ಮಾಡಿರಬಾರದು, ನಾನು ಬಡಿಸಬಾರದು, ನಾನು ಎಲೆ ಎತ್ತಬಾರದು. ಅಷ್ಟೇ.’

‘ಅದಕ್ಕೆ ಫಾರಿನ್ ಯಾಕೆ?’

‘ಇಲ್ಲಿ ಹೋಟೆಲ್ ಅಂದ್ರೆ, ನಮ್ಮವರು ಯಾರಾದ್ರೂ ನೋಡಿಬಿಟ್ಟರೆ ಅಂತೀರಿ. ಅಲ್ಲಿ ಯಾರು ನೋಡ್ತಾರೆ?’

ಬೇರೆ ದಿನವಾಗಿದ್ದರೆ ತಿರುಮಲ ಆ ಮಾತನ್ನು ಅಲ್ಲೇ ಹೂತುಬಿಡುತ್ತಿದ್ದ. ಆದರೆ ನಿವೃತ್ತಿಯಾದ ಮೇಲೆ ಪಾರ್ಕಿನಲ್ಲಿ ಬೆಳಗ್ಗೆ ಅವನ ಜೊತೆ ನಡೆಯುವ ನಾವು ಮುದುಕರೆಲ್ಲ ಒಬ್ಬೊಬ್ಬರಾಗಿ ವಿದೇಶಕ್ಕೆ ಹೋಗಿ ಬಂದಿದ್ದೆವು. ದುಬೈ, ಬ್ಯಾಂಕಾಕ್ ಎಂದು ನಾವು ಬಾಯಿ ತೆರೆದಾಗ ಇವನು ಕುಂಭಕೋಣದ ವಿಷಯ ಹೇಳಬೇಕಾಗಿತ್ತು. ಅವಮಾನ. ಮಲೇಶಿಯಾಕ್ಕೆ ವೀಸಾ ಬೇಡವೆಂದು ಯಾರೋ ಹೇಳಿದ್ದೇ ಮನಸ್ಸು ಕರಗಿತು.

‘ಆಗಲಿ ಲಕ್ಷ್ಮೀ. ಅಲ್ಲಿ ಒಂದು ಹೊತ್ತು ಹೋಟೆಲ್‌ನಲ್ಲೇ ಊಟ. ನಾನೇ ಮುಂದೆ ನಿಂತು ಕೊಡಿಸ್ತೀನಿ’ ಎಂದು ಮಾತು ಕೊಟ್ಟ. ಆಡಳಿತ ಮಂಡಳಿಯವರು ಮಾತು ಕೊಟ್ಟರೆ ಬರೆಸಿಕೊಂಡು ಸಹಿ ಹಾಕಿಸಬೇಕೆಂದು ನಮಗೆ ಗೊತ್ತು. ಆಕೆಗೆ ಗೊತ್ತಿರಲಿಲ್ಲ.

ಮಾಧವರಂನಲ್ಲಿರುವ ಮಗಳು ವೃಂದಾ ಫೋನಿನಲ್ಲೇ ಟಿಕೆಟ್ ತೆಗೆದಳು. ದಿನ ಕೇಳಿ ಲಕ್ಷ್ಮಿ ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತವಳು ಹಾಗೇ ನಿಂತುಬಿಟ್ಟಳು. ಹೊರಡುವುದು ದಶಮಿ, ಆ ದಿನ ಒಂದೇ ಹೊತ್ತಿನ ಊಟ, ಅದೂ ಮನೆಯಲ್ಲೇ. ಇಳಿದು ಸುತ್ತುವುದು ಏಕಾದಶಿ, ನೀರೂ ಇಲ್ಲ. ದ್ವಾದಶಿ ಬೆಳಗ್ಗೆ ಕೋಣೆಯಲ್ಲೇ ಕರೆಂಟ್ ಕುಕ್ಕರ್ ಇಟ್ಟು ಪಾರಣೆ, ಮತ್ತೆ ವಿಮಾನ. ಹೋಟೆಲಿನ ಊಟ ಎಲ್ಲಿಯೂ ಇಲ್ಲ.

‘ಏನ್ರೀ ಇದು? ಅಲ್ಲಿರೋದೇ ಏಕಾದಶಿ ದಿನ!’

‘ಹೌದಾ?’ ತಿರುಮಲ ಪಂಚಾಂಗವನ್ನು ಜನ್ಮದಲ್ಲಿ ಕಾಣದವನ ಮುಖ ಮಾಡಿದ. ‘ಏನ್ ಮಾಡೋದು, ಅಗ್ಗದ ಟಿಕೆಟ್ ಇದ್ದದ್ದೇ ಆ ದಿನ. ವಿಮಾನದವನಿಗೆ ಏಕಾದಶಿ ಗೊತ್ತಾ, ದ್ವಾದಶಿ ಗೊತ್ತಾ? ಮುಂದಿನ ಸಲ ಪಾಕ್ಕಲಾಂ, ನೋಡೋಣ.’

ನಂಬಿದಳು. ಅಷ್ಟು ವರ್ಷ ನಂಬಿದ ಅಭ್ಯಾಸ.

ಹೊರಡುವ ತಯಾರಿ ನೋಡಲು ಟಿಕೆಟ್ ಇಡಬಹುದಿತ್ತು. ಸೌಕಾರ್‌ಪೇಟೆಯಲ್ಲಿ ಅರ್ಧ ದಿನ ಚೌಕಾಸಿ ಮಾಡಿ ಒಂದು ಚಕ್ರ ಅಲುಗಾಡುವ ಸೂಟ್‌ಕೇಸು ತಂದ. ಬರುವಾಗ ಹಂಚಬೇಕಾದ ಮಲೇಶಿಯಾದ ಚಾಕಲೇಟನ್ನು ಹೋಗುವ ಮೊದಲೇ ಬರ್ಮಾ ಬಜಾರಿನಲ್ಲಿ ಕೊಂಡು ಬೀರುವಿನಲ್ಲಿಟ್ಟ. ಅಲ್ಲಿಗಿಂತ ಇಲ್ಲಿ ಸಸ್ತಾ. ಕಡಲು ದಾಟಿದ ದೋಷ ಕಳೆಯಲು ಪಂಚಗವ್ಯ ಬೇಕಲ್ಲ, ಹಾಲು ಮೊಸರು ತುಪ್ಪಕ್ಕೆ ಗೋಮೂತ್ರ ಸಗಣಿ ಸೇರಿಸಿ ಮಾಡುವ ಆ ತೀರ್ಥವನ್ನೂ ಪುರೋಹಿತರಿಗೆ ಮುಂಗಡವಾಗಿ ಹೇಳಿಟ್ಟ. ಪಾಪಕ್ಕಿಂತ ಮೊದಲು ಪ್ರಾಯಶ್ಚಿತ್ತ ಕಾಯ್ದಿರಿಸಿದವನು ಇವನೊಬ್ಬನೇ ಇರಬೇಕು.

ವಿಮಾನಕ್ಕೆ ಸಾಮಾನು ಹೆಚ್ಚಾಗಬಾರದೆಂದು ಒಂದರ ಮೇಲೊಂದು ಮೂರು ಅಂಗಿ ತೊಟ್ಟು ಮೀನಂಬಾಕ್ಕಂ ನಿಲ್ದಾಣಕ್ಕೆ ಬಂದ. ಬೇಸಿಗೆಯಲ್ಲಿ! ತಪಾಸಣೆಯಲ್ಲಿ ಪುಳಿಯೋಗರೆ ಗೊಜ್ಜಿನ ಬಾಟಲಿ ಸಿಕ್ಕಿಬಿತ್ತು. ದ್ರವ ಪದಾರ್ಥ ಒಯ್ಯುವಂತಿಲ್ಲ ಎಂದರು.

‘ದ್ರವ ಅಲ್ಲಪ್ಪಾ, ಗೊಜ್ಜು. ಗಟ್ಟಿಯಾಗಿದೆ, ನೋಡು’ ಎಂದು ಬಾಟಲಿಯನ್ನು ತಲೆಕೆಳಗು ಹಿಡಿದು ತೋರಿಸಿದ. ಗೊಜ್ಜು ಮಾತಿಗೆ ನಿಂತಿತು. ಮೇಲೆ ತೇಲುತ್ತಿದ್ದ ಎಣ್ಣೆ ನಿಲ್ಲಲಿಲ್ಲ, ಮೂರೂ ಅಂಗಿಗೆ ಇಳಿಯಿತು.

ಕೌಲಾಲಂಪುರದಲ್ಲಿ ಅವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಊರು ಸುತ್ತುವ ಪುಕ್ಕಟೆ ಬಸ್ಸು. ಇಳಿಯಲೇ ಒಲ್ಲ. ಜೋಡಿ ಗೋಪುರದ ಬುಡಕ್ಕೆ ಹೋಗಿ, ಮೇಲೆ ಹತ್ತಲು ದುಡ್ಡೆಂದು ತಿಳಿದು, ‘ಕೆಳಗಿನಿಂದ ನೋಡಿದ್ರೇನೇ ಎತ್ತರ ಗೊತ್ತಾಗೋದು’ ಎಂದ. ಫೋಟೋದಲ್ಲಿ ಲಕ್ಷ್ಮಿ ಇದ್ದರೆ ಗೋಪುರವಿಲ್ಲ, ಗೋಪುರವಿದ್ದರೆ ಲಕ್ಷ್ಮಿಯ ತುರುಬು ಮಾತ್ರ. ಆಮೇಲೆ ಮುರುಗನ ಗುಹೆ. ವಡಪಳನಿ ಮುರುಗನ ಗಂಟೆ ಮನೆಗೆ ಕೇಳಿಸುವಷ್ಟು ಹತ್ತಿರ ಇದ್ದುಕೊಂಡು, ಆ ಕಡೆ ವರ್ಷಕ್ಕೊಮ್ಮೆಯೂ ತಲೆ ಹಾಕದವನು ಕಡಲು ದಾಟಿ ಬಂದು ಮುರುಗನಿಗೆ ಕೈಮುಗಿದ. ದೇವರ ಮುಂದೆ ನಿಲ್ಲಲು ದುಡ್ಡಿಲ್ಲ ನೋಡಿ.

ಲಕ್ಷ್ಮಿಯ ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ಕಾಲು ಊದಿತ್ತು. ತಮಿಳರೇ ತುಂಬಿರುವ ಬ್ರಿಕ್‌ಫೀಲ್ಡ್ಸಿನಲ್ಲಿ ಅಗ್ಗದ ಲಾಡ್ಜು. ಕಿಟಕಿಯ ಕೆಳಗೇ ಬಾಳೆಲೆ ಊಟದ ಹೋಟೆಲು. ಒಗ್ಗರಣೆಯ ವಾಸನೆ ಮೆಟ್ಟಿಲು ಹತ್ತಿ ಕೋಣೆಗೆ ಬರುತ್ತಿತ್ತು. ಮಧ್ಯಾಹ್ನ ಇಬ್ಬರೂ ಬಂದು ಮಂಚದ ಮೇಲೆ ಬಿದ್ದುಕೊಂಡಿದ್ದಾಗ ವೃಂದಾಳ ಫೋನು ಬಂತು.

‘ಅಮ್ಮಾ, ಎಪ್ಪಡಿ ಇರುಕ್ಕು? ಸಾಪ್ಟಾಚಾ?’

‘ಎಲ್ಲಿ ಊಟ ಮಾಡೋದು ಕಣೇ, ಏಕಾದಶಿ. ಟಿಕೆಟ್ ಅಗ್ಗ ಇದ್ದದ್ದೇ ಈ ದಿನ ಅಂತಲ್ಲ.’

‘ಏನ್ಮಾ ಸೊಲ್ರೆ? ನೆಕ್ಸ್ಟ್ ವೀಕ್ ಇನ್ನೂ ಚೀಪ್ ಇತ್ತು! ನಾನ್ ಸೊನ್ನೇನೇ, ಅಪ್ಪಂಗೆ ಹೇಳಿದ್ನೇ. ಅಪ್ಪಾನೇ ಇಲ್ಲ ಇಲ್ಲ, ಈ ಡೇಟೇ ಬೇಕು ಅಂದ್ರು.’

ತಿರುಮಲ ಕೈ ಚಾಚಿ ಫೋನು ಕತ್ತರಿಸಿದ. ‘ಸಿಗ್ನಲ್ ಸರಿಯಿಲ್ಲ’ ಎಂದ.

ಲಕ್ಷ್ಮಿ ಎದ್ದು ಕೂತಳು.

‘ಬೇಕಂತಲೇ ಏಕಾದಶಿ ಹಾಕಿಸಿದಿರಾ?’

‘ಹಾಗಲ್ಲ ಲಕ್ಷ್ಮೀ... ಇಲ್ಲಿ ಊಟ ಎಲ್ಲಾ ರೊಂಬ ಜಾಸ್ತಿ ರೇಟು. ಆಮೇಲೆ, ಪರದೇಶದಲ್ಲಿ ಏಕಾದಶಿ ಮಾಡಿದ್ರೆ ಡಬಲ್ ಪುಣ್ಯ.’

‘ಡಬಲ್ಲೂ ನೀವೇ ಇಟ್ಕೊಳ್ಳಿ.’ ಆಕೆ ಚಪ್ಪಲಿ ಹುಡುಕತೊಡಗಿದಳು.

‘ಎಲ್ಲಿಗೆ?’

‘ಊಟಕ್ಕೆ.’

‘ಅಯ್ಯಯ್ಯೋ! ಏಕಾದಶಿ ಕಣೇ! ಅನ್ನ!’

‘ಕಡಲು ದಾಟಿದ್ದು ಮೈಲಿಗೆ ತಾನೆ?’

‘ಹೌದು. ಅದಕ್ಕೇ ಊರಿಗೆ ಹೋದ ತಕ್ಷಣ ಪಂಚಗವ್ಯ ಹೇಳಿದೀನಲ್ಲ.’

‘ನಿಮಗೆ ಮಾತ್ರನಾ, ನನಗೂನಾ?’

‘ಇಬ್ಬರಿಗೂ.’

‘ಮುಗೀತಲ್ಲ. ದಾಟಿದ್ದಕ್ಕೂ ಅದೇ ಲೋಟ, ತಿಂದಿದ್ದಕ್ಕೂ ಅದೇ ಲೋಟ. ಹೇಗೂ ಸಗಣಿ ನೀರು ಕುಡಿಸೇ ಕುಡಿಸ್ತೀರಿ. ಏನೂ ತಿನ್ನದೆ ಅದನ್ನ ಕುಡಿಯೋಕೆ ನಾನೇನು ಹುಚ್ಚಿಯಾ?’

ನಮ್ಮ ಸಂಘದ ದೊಡ್ಡ ದೊಡ್ಡ ವಕೀಲರೂ ಮಂಡಳಿಯ ಮುಂದೆ ಇಷ್ಟು ಚೆನ್ನಾಗಿ ವಾದ ಮಂಡಿಸಿದ್ದನ್ನು ಕೇಳಿದ ನೆನಪಿಲ್ಲ. ತಿರುಮಲ ಇನ್ನೂ ಶಾಸ್ತ್ರ ಹುಡುಕುತ್ತಿದ್ದ. ಅಷ್ಟರಲ್ಲಿ ಆಕೆ ಗೂಟಕ್ಕೆ ನೇತುಹಾಕಿದ್ದ ಅಂಗಿಯಿಂದ ಅವನ ಪರ್ಸು ತೆಗೆದುಕೊಂಡು ಮೆಟ್ಟಿಲಿಳಿದಾಗಿತ್ತು. ಅವನೂ ಹಿಂದೆ ಓಡಿದ. ಹೆಂಡತಿಯ ಹಿಂದೆ ಓಡಿದನೋ ಪರ್ಸಿನ ಹಿಂದೆ ಓಡಿದನೋ ಕೇಳಬೇಡಿ.

ಬಡಿಸುತ್ತಿದ್ದವಳು ಕಟ್ಟುಮಸ್ತಾದ ತಮಿಳು ಹೆಂಗಸು. ಎಲೆ ಹಾಕಿದಳು. ಲಕ್ಷ್ಮಿ ಅಭ್ಯಾಸಬಲದಿಂದ ಎದ್ದು ನೀರಿನ ಜಗ್ಗಿಗೆ ಕೈ ಹಾಕಿದಳು.

‘ನೀಂಗ ಉಕ್ಕಾರುಂಗಮ್ಮಾ! ನಾನೇನು ಸತ್ತು ಹೋದೆನಾ?’ ಎಂಬರ್ಥದಲ್ಲಿ ತಮಿಳಿನಲ್ಲೇ ಗದರಿ ಆ ಹೆಂಗಸು ಜಗ್ಗು ಕಿತ್ತುಕೊಂಡಳು. ಲಕ್ಷ್ಮಿ ಕೂತಳು. ಮೊದಲು ಗಟಗಟನೆ ನೀರು. ಆಮೇಲೆ ಅನ್ನ, ಈರುಳ್ಳಿ ಸಾಂಬಾರು, ಹಾಗಲಕಾಯಿ ಹುರಿದದ್ದು, ಹಪ್ಪಳ. ಸಾಂಬಾರಿಗೆ ಉಪ್ಪು ಒಂದು ಚೂರು ಜಾಸ್ತಿಯೇ ಇತ್ತಂತೆ. ‘ಇದ್ದರೆ ಇರಲಿ, ನಾನು ಹಾಕಿದ್ದಲ್ಲವಲ್ಲ, ಯಾರಿಗೂ ಸಮಾಧಾನ ಹೇಳಬೇಕಿಲ್ಲ ಅಂತ ಎಷ್ಟು ಹಾಯಾಗಿತ್ತು ಗೊತ್ತಾ’ ಎಂದು ಆಮೇಲೆ ನಮ್ಮ ಮುಂದೆಯೇ ಹೇಳಿದಳು. ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ಮೂರನೆಯ ಸಲ ಆ ಹೆಂಗಸು ಕೇಳದೆಯೇ ಹಾಕಿದಳು.

ಎದುರಿಗೆ ತಿರುಮಲ ಖಾಲಿ ಮೇಜಿನ ಮೇಲೆ ಕೈ ಇಟ್ಟುಕೊಂಡು, ಅವಳ ತುತ್ತಿನ ಜೊತೆ ತಲೆ ಏರಿಳಿಸುತ್ತ ಕೂತಿದ್ದ.

‘ಸಾರುಕ್ಕು ಇಲೈ ಪೋಡವಾ?’ ಎಂದು ಬಡಿಸುವವಳು ಕೇಳಿದಳು, ಇವರಿಗೂ ಎಲೆ ಹಾಕಲೇ ಎಂದು.

‘ಬೇಡಮ್ಮಾ’ ಎಂದಳು ಲಕ್ಷ್ಮಿ, ತಲೆ ಎತ್ತದೆ. ‘ಇಂಥ ದಿನ ಅವರಿಗೆ ಹೊಟ್ಟೆನೋವು ಬರುತ್ತೆ.’

ಇಷ್ಟೂ ವರ್ಷ ಆ ಡಾಕ್ಟರ ಚೀಟಿಯ ಗುಟ್ಟು ನಮಗೆ ಮಾತ್ರ ಗೊತ್ತೆಂದುಕೊಂಡಿದ್ದೆವು.

ಎಲೆಯನ್ನು ಮಡಿಸಿ ಹಾಗೆಯೇ ಬಿಟ್ಟು ಎದ್ದಳು. ಎತ್ತಲಿಲ್ಲ.

ದ್ವಾದಶಿ ಬೆಳಗ್ಗೆ ಇನ್ನೊಂದು ಪ್ರಹಸನ. ‘ಪಾರಣೆ ನಿಮ್ಮದು, ಕುಕ್ಕರೂ ನಿಮ್ಮದು’ ಎಂದು ಲಕ್ಷ್ಮಿ ಗೋಡೆ ಕಡೆ ತಿರುಗಿ ಮಲಗಿದಳು. ತಿರುಮಲ ಅಕ್ಕಿ ತೊಳೆದು, ನೀರು ಅಳೆದು, ಪ್ಲಗ್ಗು ಹಿಡಿದು ಗೋಡೆಯ ಹತ್ತಿರ ಹೋದ. ನಮ್ಮ ಉರುಟು ಕಡ್ಡಿಯ ಪ್ಲಗ್ಗು, ಅಲ್ಲಿಯದು ಚಪ್ಪಟೆ ತೂತು. ತಿರುಗಿಸಿದ, ಒತ್ತಿದ, ಮಂತ್ರ ಹೇಳಿದ. ಅತ್ತ ಪಾರಣೆಯ ಹೊತ್ತು ಮೀರುತ್ತಿದೆ, ಇತ್ತ ಹೊಟ್ಟೆ ಬೆನ್ನಿಗೆ ಹತ್ತುತ್ತಿದೆ. ಕಡೆಗೆ ಮೂರೂ ಅಂಗಿ ತೊಟ್ಟು ಮೆಟ್ಟಿಲಿಳಿದು, ಅದೇ ಹೋಟೆಲಿನ ಅದೇ ಹೆಂಗಸಿನ ಮುಂದೆ ಕೂತು, ಪೊಂಗಲ್, ವಡೆ, ಪೂರಿ, ಮತ್ತೆ ವಡೆ ತಿಂದ. ಕೊಟ್ಟ ದುಡ್ಡಿಗಾದರೂ ತಿನ್ನಬೇಕಲ್ಲ ಎಂದು ಸಕ್ಕರೆಯ ಬಟ್ಟಲನ್ನೂ ಖಾಲಿ ಮಾಡಿದನಂತೆ. ಹಿಂದೆಯೇ ಇಳಿದು ಬಂದ ಲಕ್ಷ್ಮಿ ಪಕ್ಕದಲ್ಲಿ ಕಾಫಿ ಕುಡಿಯುತ್ತ ಬೀದಿ ನೋಡುತ್ತಿದ್ದಳು.

ವಡಪಳನಿಗೆ ಬಂದಾಗ ಪುರೋಹಿತರ ತೀರ್ಥ ಎರಡು ಬೆಳ್ಳಿ ಲೋಟದಲ್ಲಿ ಕಾಯುತ್ತಿತ್ತು. ತಿರುಮಲ ಮೂಗು ಹಿಡಿದು, ಕಣ್ಣು ಮುಚ್ಚಿ, ಮೂರು ಕಂತಿನಲ್ಲಿ ಕುಡಿದ. ಲಕ್ಷ್ಮಿ ಒಂದೇ ಗುಟುಕಿಗೆ ಮುಗಿಸಿ ಬಾಯಿ ಒರೆಸಿಕೊಂಡಳು.

‘ಇಷ್ಟೇನಾ? ಇಷ್ಟಕ್ಕೆ ಒಂದು ಊಟ ಸಿಗೋದಾದ್ರೆ ತಿಂಗಳಿಗೊಂದು ಲೋಟ ಕುಡೀಬಹುದು’ ಎಂದಳು. ಲೋಟವನ್ನು ಗಂಡನ ಮುಂದೆ ತಳ್ಳಿದಳು. ‘ಎರಡನ್ನೂ ತೊಳೆದಿಡಿ.’

ತೊಳೆದ. ಎದುರು ಮನೆಯ ಕಿಟಕಿಯಿಂದ ಕಲಾವತಿ ನೋಡಿದ್ದಾಳೆ, ಸಾಕ್ಷಿ ಇದೆ.

ಮಾರನೆಯ ಬೆಳಗ್ಗೆ ಬರ್ಮಾ ಬಜಾರಿನ ಚಾಕಲೇಟು ಹಿಡಿದು ಪಾರ್ಕಿಗೆ ಬಂದು ಕೌಲಾಲಂಪುರ ವರ್ಣಿಸಬೇಕಾಗಿದ್ದವನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅಷ್ಟು ಎಣ್ಣೆ ವಡೆಯ ಮೇಲೆ ಅಷ್ಟು ಗೋಮೂತ್ರ ಬಿದ್ದು ಹಾಸಿಗೆ ಹಿಡಿದಿದ್ದನಂತೆ. ಫೋನು ಮಾಡಿ ನರಳುತ್ತ ಹೇಳಿದ, ಹೊಟ್ಟೆನೋವು ಎಂದು.

ನಮ್ಮಲ್ಲಿ ಒಬ್ಬನೂ ನಂಬಲಿಲ್ಲ.